ಹುಲಿ ಮೊದಲೇ ಇಳಿಯಬೇಕೋ, ಆಮೇಲೋ?

ತಂಡದ ಅತ್ಯುತ್ತಮ ಆಟಗಾರನನ್ನು ಆರಂಭದಲ್ಲಿ ಹೊರಗೆ ಕೂರಿಸುವುದು ಜಾಣತನವೋ, ಅನ್ಯಾಯವೋ? ಬಾಸ್ಕೆಟ್‌ಬಾಲ್ ಅಂಗಳದಿಂದ ನಮ್ಮೂರ ಕಬಡ್ಡಿ ಅಂಕಣದವರೆಗೆ ಒಂದು ಸುತ್ತು.

ಮಕ್ಕಳೇ, ಮೊದಲು ಒಂದು ಪ್ರಶ್ನೆ. ನಿಮ್ಮ ತಂಡದಲ್ಲಿ ಒಬ್ಬ ಹುಲಿಯಂಥ ಆಟಗಾರ ಇದ್ದಾನೆ ಅಂತಿಟ್ಟುಕೊಳ್ಳಿ. ಅವನ ಕೈಗೆ ಚೆಂಡು ಹೋದರೆ ಬುಟ್ಟಿಗೇ ಬೀಳುತ್ತದೆ. ಕಬಡ್ಡಿ ಆದರೆ, ಅವನು ದಾಳಿಗೆ ಹೋದರೆ ಒಬ್ಬರನ್ನಾದರೂ ಮುಟ್ಟಿ ಬರುತ್ತಾನೆ. ಪಂದ್ಯ ಶುರುವಾಗುವ ಹೊತ್ತಿಗೆ ನಿಮ್ಮ ಗುರುಗಳು ಅವನನ್ನು ಕರೆದು, ‘ನೀನು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿರು’ ಅನ್ನುತ್ತಾರೆ. ನಿಮಗೆ ಏನನಿಸುತ್ತದೆ?

‘ಇದು ಅನ್ಯಾಯ’ ಎಂದು ನಿಮ್ಮಲ್ಲಿ ಅರ್ಧ ಜನ ಕೂಗಬಹುದು. ನೋಡಲು ಬಂದ ಅಜ್ಜಂದಿರಂತೂ ಇನ್ನೂ ಜೋರಾಗಿ ಕೂಗುತ್ತಾರೆ. ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದ ಮೇಲೆ ನಮ್ಮ ಭೋಜದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಆಟ ಹೇಳಿಕೊಡುವ ನಾನು ಈ ಕೂಗನ್ನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಪ್ರಶ್ನೆ ಕಾಣುವಷ್ಟು ಸರಳವಲ್ಲ. ಜಗತ್ತಿನ ದೊಡ್ಡ ದೊಡ್ಡ ತಂಡಗಳು ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿವೆ. ಹುಲಿಯನ್ನು ಕೂರಿಸಿ ಗೆದ್ದವರೂ ಇದ್ದಾರೆ, ಕೂರಲು ಒಪ್ಪದೆ ತಂಡವನ್ನೇ ಬಿಟ್ಟು ಹೋದ ಹುಲಿಗಳೂ ಇದ್ದಾರೆ.

ಅಜ್ಜಂದಿರಿಗೆ ಗೊತ್ತಿರುವ ಸಂಗತಿ

ದೊಡ್ಡ ಆಟಗಾರ ತಡವಾಗಿ ಬರುವುದು ನಮ್ಮ ಸೀಮೆಗೆ ಹೊಸದೇನಲ್ಲ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದ ಹಿರಿಯರನ್ನು ಕೇಳಿ ನೋಡಿ. ಹಲಗಿ ಬಾರಿಸುತ್ತಿದ್ದಂತೆ ಮೊದಲು ಅಖಾಡಕ್ಕೆ ಇಳಿಯುವವರು ಸಣ್ಣ ಸಣ್ಣ ಹುಡುಗರು. ಆಮೇಲೆ ಹದಿಹರೆಯದವರು, ಆಮೇಲೆ ನಡುವಿನ ಜೋಡಿಗಳು. ಹೊತ್ತು ಇಳಿದ ಮೇಲೆಯೇ ಒಂದನೇ ನಂಬರಿನ ಕುಸ್ತಿ. ಆ ಪೈಲವಾನ ಮೊದಲೇ ಬಂದು ಪಟಕಾ ಸುತ್ತಿಕೊಂಡು ಕೂತಿದ್ದರೂ ‘ಅವನನ್ನು ಯಾಕೆ ಕೂರಿಸಿದಿರಿ’ ಎಂದು ಯಾರೂ ಜಗಳ ತೆಗೆಯುವುದಿಲ್ಲ. ಇಲ್ಲಿಂದ ಹತ್ತಿರದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನಕ್ಕೆ ಹೋಗಿ ಕುಸ್ತಿ ನೋಡಿ ಬಂದವರಿಗೂ ಈ ಕ್ರಮ ಗೊತ್ತು. ಕೊನೆಗೆ ಬರುವವನೇ ದೊಡ್ಡವನು.

ಆದರೆ ಕುಸ್ತಿ ಒಬ್ಬೊಬ್ಬರ ಆಟ. ಚಿಕ್ಕವರು ಸೋತರೆ ದೊಡ್ಡ ಪೈಲವಾನನ ಲೆಕ್ಕಕ್ಕೆ ಏನೂ ಕಡಿಮೆಯಾಗುವುದಿಲ್ಲ. ತಂಡದ ಆಟದಲ್ಲಿ ಹಾಗಲ್ಲ. ಹುಲಿ ಹೊರಗೆ ಕೂತಿರುವಾಗ ಹೋದ ಅಂಕ ಹುಲಿಯ ತಲೆಯ ಮೇಲೂ ಬೀಳುತ್ತದೆ. ಗಂಟು ಇರುವುದು ಇಲ್ಲಿಯೇ.

ಬಾಸ್ಕೆಟ್‌ಬಾಲಿನ ‘ಆರನೆಯವನು’

ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಹುಡುಕಿದ್ದು ಬಾಸ್ಕೆಟ್‌ಬಾಲ್. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಹುಡುಗರು ಒಳಾಂಗಣದಲ್ಲೇ ಆಡಲಿ ಎಂದು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿ ಶುರು ಮಾಡಿದ ಆಟ ಇದು. ಈಗಿನ ನಿಯಮದಂತೆ ಒಂದು ಕಡೆ ಐದು ಜನ ಆಡುತ್ತಾರೆ, ಏಳು ಜನ ಹೊರಗೆ ಕೂತಿರಬಹುದು. ಅಂತಾರಾಷ್ಟ್ರೀಯ ಪಂದ್ಯಕ್ಕೆ ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಒಳಗಿದ್ದವನನ್ನು ಹೊರಗೆ, ಹೊರಗಿದ್ದವನನ್ನು ಒಳಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಫುಟ್‌ಬಾಲಿನ ದೊಡ್ಡ ಪಂದ್ಯಗಳಲ್ಲಿ ಒಮ್ಮೆ ಹೊರಗೆ ಬಂದವನು ಮರಳಿ ಹೋಗುವಂತಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಆ ಕಟ್ಟು ಇಲ್ಲ.

ಇದನ್ನು ಮೊದಲು ಚೆನ್ನಾಗಿ ಬಳಸಿಕೊಂಡವರು ಬಾಸ್ಟನ್ ಸೆಲ್ಟಿಕ್ಸ್ ತಂಡದ ತರಬೇತುದಾರ ರೆಡ್ ಔರ್‌ಬಾಕ್. 1950ರ ದಶಕದಲ್ಲಿ ಅವರು ಫ್ರ್ಯಾಂಕ್ ರ್‍ಯಾಮ್ಸೆ ಎಂಬ ಒಳ್ಳೆಯ ಆಟಗಾರನನ್ನು ಬೇಕೆಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಎದುರಾಳಿಗಳ ಮೊದಲ ಐವರು ಆಡಿ ಆಡಿ ಏದುಸಿರು ಬಿಡುವ ಹೊತ್ತಿಗೆ ಮೈ ದಣಿಯದ ರ್‍ಯಾಮ್ಸೆ ಒಳಗೆ ಬರುತ್ತಿದ್ದ. ಆತನ ನಂತರ ಆ ಜಾಗಕ್ಕೆ ಬಂದದ್ದು ಜಾನ್ ಹ್ಯಾವ್ಲಿಚೆಕ್. ಬೆಂಚಿನಿಂದ ಶುರು ಮಾಡಿದ ಈ ಹ್ಯಾವ್ಲಿಚೆಕ್ ಮುಂದೆ ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವನಾದ. ಐವರ ನಂತರ ಬರುವ ಈ ಆಟಗಾರನಿಗೆ ‘ಆರನೆಯವನು’ ಎಂಬ ಹೆಸರೇ ಬಿತ್ತು. 1982-83ರಿಂದ ಅಮೆರಿಕದ ಎನ್‌ಬಿಎ ಲೀಗ್ ಪ್ರತಿವರ್ಷ ಅತ್ಯುತ್ತಮ ‘ಆರನೆಯವನಿಗೆ’ ಪ್ರಶಸ್ತಿ ಕೊಡುತ್ತ ಬಂದಿದೆ. ಕೂತವನಿಗೂ ಪ್ರಶಸ್ತಿ! ಈಗ ಆ ಟ್ರೋಫಿಗೆ ಹ್ಯಾವ್ಲಿಚೆಕ್ ಹೆಸರನ್ನೇ ಇಟ್ಟಿದ್ದಾರೆ.

ಇನ್ನೊಬ್ಬನ ಕಥೆ ಕೇಳಿ. ಅರ್ಜೆಂಟೀನಾದ ಮನು ಜಿನೋಬಿಲಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ತನ್ನ ದೇಶಕ್ಕೆ ಚಿನ್ನ ಗೆಲ್ಲಿಸಿಕೊಟ್ಟ ತಂಡದ ಮುಖ್ಯ ಆಟಗಾರ. ಅಂಥವನನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ತರಬೇತುದಾರ ಗ್ರೆಗ್ ಪೊಪೊವಿಚ್ ಬೆಂಚಿನಿಂದ ಇಳಿಸಲು ನಿರ್ಧರಿಸಿದರು. ಮೊದಮೊದಲು ಆತನಿಗೆ ಇದು ಹಿಡಿಸಿರಲಿಲ್ಲ. ಕೊನೆಗೆ ಒಪ್ಪಿಕೊಂಡ. 2007-08ರಲ್ಲಿ ಆಡಿದ 74 ಪಂದ್ಯಗಳಲ್ಲಿ ಆರಂಭದಿಂದ ಇಳಿದದ್ದು 23ರಲ್ಲಿ ಮಾತ್ರ. ಆದರೂ ಸರಾಸರಿ ಪಂದ್ಯಕ್ಕೆ 19.5 ಅಂಕ ಗಳಿಸಿ ‘ಆರನೆಯವನ’ ಪ್ರಶಸ್ತಿ ಪಡೆದ. ಅವನಿದ್ದ ಸ್ಪರ್ಸ್ ನಾಲ್ಕು ಸಲ ಚಾಂಪಿಯನ್ ಆಯಿತು. 2022ರಲ್ಲಿ ಬಾಸ್ಕೆಟ್‌ಬಾಲಿನ ಗೌರವ ಮಂದಿರಕ್ಕೂ ಅವನ ಹೆಸರು ಸೇರಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಎನ್‌ಬಿಎ ಪಂದ್ಯ 48 ನಿಮಿಷದ್ದು. ಆ ವರ್ಷ ಜಿನೋಬಿಲಿ ಪ್ರತಿ ಪಂದ್ಯದಲ್ಲಿ ಸರಾಸರಿ 31 ನಿಮಿಷ ಆಡಿದ. ಅಂದರೆ ಮೂರರಲ್ಲಿ ಸುಮಾರು ಎರಡು ಪಾಲು ಆಟ ಅವನದೇ. ಕೂತದ್ದು ಆರಂಭದ ಕೆಲವು ನಿಮಿಷ, ನಡುವೆ ಒಂದಿಷ್ಟು. ಪಂದ್ಯ ಬಿಗಿಯಾಗುವ ಕೊನೆಯ ಹೊತ್ತಿಗೆ ಒಳಗೇ ಇರುತ್ತಿದ್ದ. ‘ಬೆಂಚಿನಿಂದ ಬರುವುದು’ ಬೇರೆ, ‘ಬೆಂಚಿನ ಮೇಲೇ ಉಳಿಯುವುದು’ ಬೇರೆ. ನೋಡುವ ನಾವು ಎಷ್ಟೋ ಸಲ ಇವೆರಡನ್ನೂ ಒಂದೇ ಎಂದುಕೊಳ್ಳುತ್ತೇವೆ.

ಹೀಗೆ ಮಾಡುವುದರಿಂದ ಲಾಭ ಏನು? ಮೊದಲನೆಯದು, ಎದುರಾಳಿಗಳು ದಣಿದಿರುತ್ತಾರೆ ಅಥವಾ ಅವರ ಎರಡನೇ ಸಾಲಿನ ಆಟಗಾರರು ಒಳಗೆ ಬಂದಿರುತ್ತಾರೆ. ಎರಡನೆಯದು, ಅಂಗಳದಲ್ಲಿ ಇರುವುದು ಒಂದೇ ಚೆಂಡು. ಇಬ್ಬರು ಮೂವರು ಹುಲಿಗಳು ಒಟ್ಟಿಗೆ ಇಳಿದರೆ ಚೆಂಡಿಗಾಗಿ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ಹಂಚಿ ಇಳಿಸಿದರೆ ಯಾವ ಹೊತ್ತಿನಲ್ಲೂ ತಂಡ ಬಡವಾಗುವುದಿಲ್ಲ. ಮೂರನೆಯದು, ಹೊರಗೆ ಕೂತವನಿಗೆ ಆಟ ಪೂರ್ತಿ ಕಾಣುತ್ತದೆ. ಎದುರಾಳಿ ಯಾವ ಕಡೆ ವಾಲುತ್ತಾನೆ, ಯಾರ ಕಾಲು ನಿಧಾನ ಎಂಬುದೆಲ್ಲ ಕೂತಲ್ಲೇ ಗೊತ್ತಾಗುತ್ತದೆ. ನಾಲ್ಕನೆಯದು, ಬಾಸ್ಕೆಟ್‌ಬಾಲಿನಲ್ಲಿ ಐದು ಫೌಲ್ ಆದರೆ ಆಟಗಾರ ಆ ಪಂದ್ಯದಿಂದ ಹೊರಗೆ, ಎನ್‌ಬಿಎಯಲ್ಲಿ ಆರು. ತಡವಾಗಿ ಇಳಿದವನ ಫೌಲುಗಳು ಕೊನೆಯ ಹೊತ್ತಿಗೆ ಉಳಿದಿರುತ್ತವೆ.

ನಷ್ಟವೂ ಇದೆ. ಆರಂಭದಲ್ಲೇ ಹತ್ತು ಹನ್ನೆರಡು ಅಂಕ ಹಿಂದೆ ಬಿದ್ದರೆ ಹುಲಿ ಬಂದರೂ ಬೆನ್ನಟ್ಟುವುದರಲ್ಲೇ ಹೊತ್ತು ಕಳೆಯುತ್ತದೆ. ಕೂತು ಕೂತು ಮೈ ತಣ್ಣಗಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಮನಸ್ಸು. ಅಲೆನ್ ಐವರ್ಸನ್ ಎಂಬ ಆಟಗಾರ 2001ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡವನು. 2009ರಲ್ಲಿ ಮೆಂಫಿಸ್ ತಂಡ ಸೇರಿದಾಗ ಅವನನ್ನು ಬೆಂಚಿನಿಂದ ಇಳಿಸಿದರು. ಮೂರೇ ಪಂದ್ಯ. ಆಮೇಲೆ ಆತ ಆ ತಂಡದಲ್ಲಿ ಉಳಿಯಲಿಲ್ಲ. ಜಿನೋಬಿಲಿಗೆ ಒಗ್ಗಿದ್ದು ಐವರ್ಸನ್‌ಗೆ ಒಗ್ಗಲಿಲ್ಲ. ಔಷಧ ಒಂದೇ ಆದರೂ ಎಲ್ಲರ ಮೈಗೂ ಹಿಡಿಸಬೇಕಲ್ಲ!

ಬೆಂಚಿನ ಮೇಲೆ ಕೂತರೆ ಬಾಳು ಮುಗಿಯಿತು ಅಂತಲೂ ಅಲ್ಲ. ಜೇಮ್ಸ್ ಹಾರ್ಡನ್ 2012ರಲ್ಲಿ ‘ಆರನೆಯವನ’ ಪ್ರಶಸ್ತಿ ಪಡೆದ. ಅದೇ ವರ್ಷ ಬೇರೆ ತಂಡಕ್ಕೆ ಹೋಗಿ ಆರಂಭದಿಂದ ಇಳಿಯತೊಡಗಿದ. 2018ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೇ ಆದ.

ಕಬಡ್ಡಿಯಲ್ಲಿ ಎರಡು ಬೆಂಚು

ನಮ್ಮೂರಿನ ಕಡೆ ಬಾಸ್ಕೆಟ್‌ಬಾಲ್ ಕಂಬಗಳು ಕಡಿಮೆ. ಮಕ್ಕಳಿಗೆ ಉಸಿರಿನಷ್ಟು ಹತ್ತಿರವಾದದ್ದು ಕಬಡ್ಡಿ ಮತ್ತು ಖೋ ಖೋ. ಹಾಗಾದರೆ ಬಾಸ್ಕೆಟ್‌ಬಾಲಿನ ಈ ಉಪಾಯ ಕಬಡ್ಡಿಗೆ ನಡೆಯುತ್ತದೆಯೇ?

ಕಬಡ್ಡಿಯಲ್ಲಿ ಅಂಕಣದಲ್ಲಿ ಏಳು ಜನ, ಹೊರಗೆ ಐವರವರೆಗೆ ಬದಲಿ ಆಟಗಾರರು. ಆದರೆ ಔಟಾದವನ ಜಾಗಕ್ಕೆ ಬದಲಿ ಆಟಗಾರನನ್ನು ಇಳಿಸುವಂತಿಲ್ಲ. ಔಟಾದವನು ಗೆರೆಯಾಚೆ ಕೂತು ಕಾಯಬೇಕು. ತನ್ನವರು ಎದುರಾಳಿಗಳಲ್ಲಿ ಒಬ್ಬನನ್ನು ಔಟ್ ಮಾಡಿದಾಗಲೇ ಅವನಿಗೆ ಮರುಜೀವ. ಅಂದರೆ ಕಬಡ್ಡಿಯಲ್ಲಿ ಇರುವುದು ಎರಡು ಬೆಂಚು. ಒಂದು, ನಮ್ಮ ಗುರುಗಳು ಕೂರಿಸುವ ಬೆಂಚು. ಇನ್ನೊಂದು, ಎದುರಾಳಿಗಳು ಕೂರಿಸುವ ಬೆಂಚು. ಎಂಥ ಹುಲಿಯಾದರೂ ಪಂದ್ಯಕ್ಕೆ ಒಂದೆರಡು ಸಲವಾದರೂ ಎರಡನೇ ಬೆಂಚಿನ ಮೇಲೆ ಕೂತೇ ಕೂರುತ್ತಾನೆ. ಅವನನ್ನು ಎಬ್ಬಿಸುವ ಶಕ್ತಿ ಅವನ ಕೈಯಲ್ಲಿಲ್ಲ, ಉಳಿದವರ ಕೈಯಲ್ಲಿದೆ.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ, ಅದರಲ್ಲಿ ನಮ್ಮ ಕರ್ನಾಟಕದವರದೂ ಪಾಲಿದೆ. 2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಪ್ರೊ ಕಬಡ್ಡಿ ಲೀಗಿನ ಏಳನೇ ಆವೃತ್ತಿಯ ಫೈನಲ್. ಬೆಂಗಾಲ್ ವಾರಿಯರ್ಸ್ ಮತ್ತು ದಬಂಗ್ ದೆಹಲಿ ಎದುರುಬದುರು. ಬೆಂಗಾಲ್ ತಂಡದ ತರಬೇತುದಾರರು ಕರ್ನಾಟಕದ ಬಿ.ಸಿ. ರಮೇಶ್. ಅವರ ನಾಯಕ, ಆ ಋತುವಿನಲ್ಲಿ ಇನ್ನೂರಕ್ಕೂ ಹೆಚ್ಚು ರೇಡ್ ಅಂಕ ತಂದ ಮಣಿಂದರ್ ಸಿಂಗ್ ಗಾಯಗೊಂಡು ಫೈನಲ್ ಆಡಲೇ ಇಲ್ಲ. ಎದುರಿಗೆ ದೆಹಲಿಯ ನವೀನ್ ಕುಮಾರ್, ಹಿಡಿಯಲು ಆಗದ ಹುಡುಗ. ಅಂದು ನವೀನ್ ಒಬ್ಬನೇ 18 ಅಂಕ ತಂದ. ಆದರೂ ಗೆದ್ದದ್ದು ಬೆಂಗಾಲ್, 39-34ರಿಂದ. ಇರಾನಿನ ಮೊಹಮ್ಮದ್ ನಬಿಬಕ್ಷ್ ಮತ್ತು ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ದಾಳಿಯ ಭಾರ ಹೊತ್ತರು. ಒಂದು ಕಡೆ ಹುಲಿ ಇತ್ತು, ಇನ್ನೊಂದು ಕಡೆ ಹುಲಿ ಇಲ್ಲದೆಯೂ ಆಡಲು ಕಲಿತ ತಂಡ ಇತ್ತು.

ಮಣಿಂದರ್‌ನನ್ನು ಕೂರಿಸಿದ್ದು ಗಾಯ, ತರಬೇತುದಾರರ ಉಪಾಯವಲ್ಲ. ಆದ್ದರಿಂದ ‘ಹುಲಿಯನ್ನು ಕೂರಿಸಿದರೆ ಗೆಲ್ಲುತ್ತೇವೆ’ ಎಂಬ ಪಾಠ ಇಲ್ಲಿಲ್ಲ. ಹುಲಿ ಕೂರಬೇಕಾದ ದಿನಕ್ಕೆ ಉಳಿದವರು ತಯಾರಿರಬೇಕು ಎಂಬ ಪಾಠ ಇದೆ.

ನವೀನ್ ಕುಮಾರ್‌ನ ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. ಕೊರೊನಾ ಕಾಲದ ಎಂಟನೇ ಆವೃತ್ತಿ ಪೂರ್ತಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು, ಪ್ರೇಕ್ಷಕರಿಲ್ಲದೆ. ಮಂಡಿ ನೋವಿನಿಂದ ನವೀನ್ ಕೆಲವು ಪಂದ್ಯ ಹೊರಗೆ ಕೂರಬೇಕಾಯಿತು. ಆ ಹೊತ್ತಿನಲ್ಲಿ ವಿಜಯ್ ಮತ್ತು ಉಳಿದವರು ತಂಡವನ್ನು ಹಿಡಿದು ನಿಲ್ಲಿಸಿದರು. 2022ರ ಫೆಬ್ರುವರಿ 25ರ ಫೈನಲಿನಲ್ಲಿ ದೆಹಲಿ ಪಟ್ನಾ ಪೈರೇಟ್ಸ್ ತಂಡವನ್ನು 37-36ರಿಂದ ಸೋಲಿಸಿತು. ಒಂದೇ ಅಂಕ! ಅಂದು ನವೀನ್ ಚೆನ್ನಾಗಿಯೇ ಆಡಿದ, ಆದರೆ ವಿಜಯ್ ಅವನಿಗೆ ಸಮಸಮ ನಿಂತ. ಎರಡು ವರ್ಷದ ಹಿಂದೆ 18 ಅಂಕ ತಂದೂ ಸೋತಿದ್ದ ಹುಡುಗ ಈ ಸಲ ಜೊತೆಗಾರರೊಂದಿಗೆ ಗೆದ್ದ.

ಬೆಂಚಿನಿಂದ ಎದ್ದು ಬಂದ ಇನ್ನೊಬ್ಬನನ್ನು ಬೆಂಗಳೂರು ಬುಲ್ಸ್ ಅಭಿಮಾನಿಗಳು ಮರೆತಿರಲಾರರು. ಪವನ್ ಸೆಹ್ರಾವತ್ ಐದನೇ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದ, ಹೆಚ್ಚಾಗಿ ಬದಲಿ ಆಟಗಾರನಾಗಿ. ಮರುವರ್ಷ ಬೆಂಗಳೂರು ಅವನಿಗೆ ಜಾಗ ಕೊಟ್ಟಿತು. ಆ ಋತುವಿನಲ್ಲಿ ಅವನದು 271 ರೇಡ್ ಅಂಕ, ಎಲ್ಲರಿಗಿಂತ ಹೆಚ್ಚು. 2019ರ ಜನವರಿ 5ರಂದು ಮುಂಬಯಿಯಲ್ಲಿ ಫೈನಲ್. ಎದುರಾಳಿ ಯಾರು ಗೊತ್ತೇ? ಅದೇ ಗುಜರಾತ್! ಪವನ್ ಒಬ್ಬನೇ 22 ಅಂಕ ತಂದ. ಬೆಂಗಳೂರು 38-33ರಿಂದ ಗೆದ್ದಿತು. ಬೆಂಚಿನ ಮೇಲೆ ಕೂತಿರುವ ಮಗುವನ್ನು ನೋಡಿ ‘ಇವನಿಗೆ ಆಟ ಬರುವುದಿಲ್ಲ’ ಎನ್ನುವವರು ಈ ಫೈನಲನ್ನು ನೆನೆಯಲಿ.

ನಮ್ಮೂರ ಹುಡುಗಿಯರ ತಂಡದಲ್ಲಿ

ಈಗ ನಮ್ಮೂರಿನ ಸಣ್ಣ ಕಥೆ. ದೂಧಗಂಗಾ, ವೇದಗಂಗಾ ಎರಡೂ ಕೂಡುವ ಕಡೆಯ ಊರು ನಮ್ಮದು. ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ಹೊಲ, ರಸ್ತೆ, ಮೈದಾನ ಎಲ್ಲ ಕೆಸರು. ಶಾಲೆಗಳ ಕ್ರೀಡಾಕೂಟ ಬರುವುದೂ ಅದರ ಹಿಂದೆಯೇ. ಆದ್ದರಿಂದ ಮಳೆ ಬಿಟ್ಟ ನಾಲ್ಕು ಸಂಜೆ ಸಿಕ್ಕರೆ ಅದೇ ನಮ್ಮ ಅಭ್ಯಾಸದ ಕಾಲ.

ಒಂದು ವರ್ಷ ಹುಡುಗಿಯರ ತಂಡದಲ್ಲಿ ಒಬ್ಬ ಎಂಟನೇ ತರಗತಿಯ ದಾಳಿಗಾರ್ತಿ ಇದ್ದಳು. ಹೆಸರು ಬೇಡ, ಈಗ ಅವಳು ಕಾಲೇಜಿಗೆ ಹೋಗುವ ಹುಡುಗಿ. ಮಿಂಚಿನ ಕಾಲು. ಹತ್ತು ದಾಳಿಯಾದರೆ ಎಂಟು ಅವಳದೇ. ಉಳಿದವರು ಹಿಡಿಯಲು ಬಲ್ಲವರು, ಆದರೆ ಗೆರೆ ದಾಟಿ ಹೋಗಲು ಹೆದರುವವರು. ಅವಳು ಔಟಾದ ಕೂಡಲೇ ತಂಡದ ದೀಪ ಆರಿದಂತೆ. ಯಾರೂ ಅಂಕ ತರುವುದಿಲ್ಲ, ಅವಳಿಗೆ ಮರುಜೀವ ಬರುವುದಿಲ್ಲ, ನೋಡನೋಡುತ್ತ ಏಳೂ ಜನ ಔಟಾಗಿ ಎದುರಾಳಿಗೆ ಲೋನಾದ ಎರಡು ಅಂಕ ಬೇರೆ.

ಹಾಗಾಗಿ ಪಕ್ಕದೂರಿನವರೊಡನೆ ಅಭ್ಯಾಸ ಪಂದ್ಯ ಆಡುವಾಗ ಮೊದಲ ಅರ್ಧ ಅವಳನ್ನು ಹೊರಗೆ ಕೂರಿಸುವುದು ಎಂದು ತೀರ್ಮಾನಿಸಿದೆ. ಹಿಂದಿನ ದಿನವೇ ಅವಳನ್ನು ಕರೆದು ಹೇಳಿದೆ: ‘ನೀ ಚಲೋ ಆಡ್ತಿ, ಅದಕ್ಕ ನಿನ್ನ ಕುಂದ್ರಸ್ತೀನಿ. ನೀ ಔಟ್ ಆದಾಗ ನಿನ್ನ ಎಬ್ಬಸಾಕ ಯಾರರ ಬೇಕಲ್ಲ?’ ಅವಳು ತಲೆಯಾಡಿಸಿದಳು. ಮುಖ ಮಾತ್ರ ಸಣ್ಣದಾಗಿತ್ತು.

ಮೊದಲ ಪಂದ್ಯ ಸೋತೆವು, ಅದೂ ಚೆನ್ನಾಗಿಯೇ. ಸಂಜೆ ಅವಳ ಅಜ್ಜ ನನ್ನ ಮನೆ ಬಾಗಿಲಿಗೆ ಬಂದರು. ಹಿಂದೊಮ್ಮೆ ತಾಲೀಮಿನಲ್ಲಿ ಕುಸ್ತಿ ಆಡಿದ ಮನುಷ್ಯ.

‘ಸರ, ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ? ಊರ ಮಂದಿ ಮುಂದ ಹೊರಗ ಕುಂದ್ರಸೀರಿ.’

‘ತಪ್ಪ ಏನಿಲ್ರಿ ಅಜ್ಜಾರ. ತಾಲೀಮಿನ್ಯಾಗ ನಿಮ್ಮ ವಸ್ತಾದರು ದೊಡ್ಡ ಪೈಲವಾನನ್ನ ನಿಲ್ಲಿಸಿ ಸಣ್ಣವರಿಗೆ ಜೋರ ಕೊಡ್ತಿದ್ದಿಲ್ಲೇನ್ರಿ?’

‘ಕೊಡ್ತಿದ್ರು. ಖರೆ ಮೈದಾನದಾಗ ಅಲ್ಲ, ತಾಲೀಮಿನ್ಯಾಗ.’

‘ನಾನೂ ಇದನ್ನ ತಾಲೀಮು ಅಂತನ ಮಾಡಾಕತ್ತೀನ್ರಿ. ಮೈದಾನದ ದಿನ ಆಕಿ ಮೊದಲಿಂದನ ಇಳೀತಾಳ.’

ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೂತು ಚಹಾ ಕುಡಿದರು. ಹೋಗುವಾಗ ಒಂದು ಮಾತು ಹೇಳಿದರು: ‘ಇದನ್ನ ನನಗ ಹೇಳಿದಂಗ ನಾಕ ಮಂದಿ ಮುಂದನೂ ಹೇಳ್ರಿ. ಕೂಸಿಗೆ ಮಂದಿ ಮಾತ ಹತ್ತತಾವ.’ ಆ ಮಾತು ನನಗೆ ಹಿಡಿಸಿತು. ಮರುದಿನ ತಂಡದ ಎಲ್ಲರನ್ನೂ, ನೋಡಲು ಬಂದ ಹಿರಿಯರನ್ನೂ ಸೇರಿಸಿ ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಬಿಡಿಸಿ ಹೇಳಿದೆ. ಹೊರಗೆ ಕೂತಾಗ ಅವಳಿಗೂ ಒಂದು ಕೆಲಸ ಕೊಟ್ಟೆ: ಎದುರಾಳಿಗಳಲ್ಲಿ ಯಾರು ಕಾಲು ಹಿಡಿಯುತ್ತಾರೆ, ಯಾರು ಸರಪಳಿ ಕಟ್ಟುತ್ತಾರೆ ನೋಡಿ, ಬಿಡುವಿನಲ್ಲಿ ಗೆಳತಿಯರಿಗೆ ಹೇಳಬೇಕು.

ಎರಡನೇ ಅಭ್ಯಾಸ ಪಂದ್ಯವೂ ಸೋಲು, ಆದರೆ ಅಂತರ ಕಡಿಮೆ. ಮೂರನೆಯದರಲ್ಲಿ, ಅಲ್ಲಿಯವರೆಗೆ ಗೆರೆ ದಾಟಲು ಅಂಜುತ್ತಿದ್ದ ಒಬ್ಬ ತೆಳ್ಳಗಿನ ಹುಡುಗಿ ಓಡಿ ಹೋಗಿ ಬೋನಸ್ ಗೆರೆ ತುಳಿದು ಬಂದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಹೊರಗೆ ಕೂತಿದ್ದ ನಮ್ಮ ಹುಲಿ.

ಕ್ರೀಡಾಕೂಟದ ದಿನ ಕೊಟ್ಟ ಮಾತಿನಂತೆ ಅವಳು ಮೊದಲಿನಿಂದಲೇ ಇಳಿದಳು. ಆದರೆ ಮೊದಲ ದಾಳಿಗೆ ಕಳಿಸಿದ್ದು ಆ ತೆಳ್ಳಗಿನ ಹುಡುಗಿಯನ್ನು. ಎದುರಾಳಿಗಳ ಕಣ್ಣೆಲ್ಲ ನಮ್ಮ ಹುಲಿಯ ಮೇಲೆ. ಅವಳನ್ನು ಎರಡು ಸಲ ಹಿಡಿದರು, ಎರಡು ಸಲವೂ ಗೆಳತಿಯರು ಎಬ್ಬಿಸಿ ತಂದರು. ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸ್ವಲ್ಪದರಲ್ಲೇ ಸೋತೆವು. ಕಪ್ಪು ಬರಲಿಲ್ಲ. ಮನೆಗೆ ಹೋಗುವ ಗಾಡಿಯಲ್ಲಿ ಮಾತ್ರ ಏಳೂ ಜನ ತಂತಮ್ಮ ದಾಳಿಯ ಕಥೆಯನ್ನೇ ಹೇಳುತ್ತಿದ್ದರು.

ಹಾಗಾದರೆ ನನ್ನ ಉತ್ತರ?

ಬಾಸ್ಕೆಟ್‌ಬಾಲಿನಲ್ಲಿ ಹುಲಿಯನ್ನು ಬೆಂಚಿನಿಂದ ಇಳಿಸಬಹುದು. ಎಷ್ಟು ಸಲ ಬೇಕಾದರೂ ಬದಲಿಸುವ ಆಟ ಅದು. ಆದರೆ ಮೂರು ಷರತ್ತು. ಉಳಿದ ಐವರಲ್ಲಿ ಆರಂಭವನ್ನು ತಡೆದು ನಿಲ್ಲುವ ಬಲ ಇರಬೇಕು. ಕೊನೆಯ ನಿಮಿಷಗಳಲ್ಲಿ ಹುಲಿ ಒಳಗಿರಬೇಕು. ಆಟಗಾರನ ಮನಸ್ಸು ಒಪ್ಪಿರಬೇಕು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಭಾರತದ ಮಹಿಳೆಯರು ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್ ಗೆದ್ದದ್ದು ಕಜಕಿಸ್ತಾನದ ಎದುರು, 75-73ರಿಂದ. ಎರಡೇ ಅಂಕ. ಅಂಥ ಪಂದ್ಯದಲ್ಲಿ ಮೊದಲ ನಿಮಿಷ ಯಾರಿದ್ದರು ಎಂಬುದಕ್ಕಿಂತ ಕೊನೆಯ ನಿಮಿಷ ಯಾರಿದ್ದರು ಎಂಬುದೇ ದೊಡ್ಡದು.

ಕಬಡ್ಡಿಯಲ್ಲಿ ಮಾತು ಬೇರೆ. ಅಲ್ಲಿ ಬಿದ್ದ ಪೆಟ್ಟು ಬೇಗ ಮಾಯುವುದಿಲ್ಲ. ಜನ ಕಡಿಮೆಯಾದಷ್ಟೂ ತಂಡ ಇನ್ನಷ್ಟು ಸೋಲುತ್ತ ಹೋಗುತ್ತದೆ. ಆದ್ದರಿಂದ ನಿಜವಾದ ಪಂದ್ಯದಲ್ಲಿ ಹುಲಿ ಮೊದಲಿನಿಂದಲೇ ಇಳಿಯಲಿ, ಆದರೆ ಎಲ್ಲ ದಾಳಿಯೂ ಅವನದೇ ಆಗದಿರಲಿ. ಹೊರಗೆ ಕೂರಿಸುವ ಪಾಠ ಅಭ್ಯಾಸದ ದಿನಗಳಿಗೆ ಇರಲಿ.

ಖೋ ಖೋ ಆಡುವ ಮಕ್ಕಳಿಗೂ ಇದೇ ಲೆಕ್ಕ. ಓಡುವವರು ಮೂವರು ಮೂವರಾಗಿ ಇಳಿಯುತ್ತಾರಲ್ಲ, ಅತ್ಯುತ್ತಮ ಓಟಗಾರರನ್ನೆಲ್ಲ ಮೊದಲ ಮೂವರಲ್ಲೇ ತುಂಬಬೇಡಿ. ಅವರು ಹೋದ ಮೇಲೆ ಉಳಿದವರು ಚಕಚಕನೆ ಔಟಾಗುತ್ತಾರೆ. ಪ್ರತಿ ಮೂವರಲ್ಲಿ ಒಬ್ಬ ಗಟ್ಟಿಗ ಇದ್ದರೆ ಹೊತ್ತು ಹೆಚ್ಚು ಸಿಗುತ್ತದೆ.

ಶಾಲಾ ಮಕ್ಕಳ ತಂಡಕ್ಕೆ ಇನ್ನೂ ಒಂದು ಮಾತು ಸೇರಿಸುತ್ತೇನೆ. ದೊಡ್ಡವರ ಲೀಗಿನಲ್ಲಿ ಗೆಲುವೇ ಸಂಬಳ. ಹನ್ನೆರಡು ಹದಿಮೂರು ವರ್ಷದ ಮಕ್ಕಳಲ್ಲಿ ಹಾಗಲ್ಲ. ತಂಡದ ಜರ್ಸಿ ಹಾಕಿಕೊಂಡ ಪ್ರತಿ ಮಗುವಿಗೂ ಅಂಗಳದ ಮಣ್ಣು ಕಾಲಿಗೆ ಹತ್ತಬೇಕು. ಹುಲಿ ಹತ್ತು ನಿಮಿಷ ಕೂತರೆ ಇನ್ನೊಂದು ಮಗುವಿಗೆ ಹತ್ತು ನಿಮಿಷ ಆಟ ಸಿಗುತ್ತದೆ. ಇಡೀ ವರ್ಷ ಒಂದೂ ನಿಮಿಷ ಆಡದೆ ನೀರಿನ ಬಾಟಲಿ ಕಾಯುವ ಮಗುವಿನ ಮನಸ್ಸನ್ನು ನಾವು ಹಿರಿಯರು ಒಮ್ಮೆ ನೆನೆಯಬೇಕು.

ಅಜ್ಜ-ಅಜ್ಜಿಯರಿಗೆ

ನಿಮ್ಮ ಮೊಮ್ಮಗ ಅಥವಾ ಮೊಮ್ಮಗಳು ಆಟ ಮುಗಿಸಿ ಬಂದು ‘ನನ್ನನ್ನು ಹೊರಗೆ ಕೂರಿಸಿದರು’ ಎಂದು ಮುಖ ಊದಿಸಿಕೊಂಡರೆ ಕೂಡಲೇ ಗುರುಗಳ ಮೇಲೆ ಸಿಟ್ಟಾಗಬೇಡಿ, ಮಗುವಿನ ಮೇಲೂ ಬೇಡ. ಮೊದಲು ಹೊಟ್ಟೆಗೆ ಏನಾದರೂ ಕೊಡಿ. ಆಮೇಲೆ ನಿಧಾನವಾಗಿ ಕೇಳಿ: ಯಾಕೆ ಕೂರಿಸಿದರು ಅಂತ ನಿನಗೆ ಹೇಳಿದರಾ? ಕೂತಾಗ ಏನು ನೋಡಿದೆ? ಒಳಗೆ ಹೋದ ಮೇಲೆ ಅದು ಉಪಯೋಗಕ್ಕೆ ಬಂತಾ?

ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಮಾರನೆಯ ದಿನ ನೀವೇ ಹೋಗಿ ಮರ್ಯಾದೆಯಿಂದ ಗುರುಗಳನ್ನು ವಿಚಾರಿಸಿ. ಕೇಳುವ ಹಕ್ಕು ನಿಮಗಿದೆ. ಕಾರಣ ಹೇಳಿ ಕೂರಿಸಿದರೆ ಬೆಂಚು ಪಾಠವಾಗುತ್ತದೆ, ಹೇಳದೆ ಕೂರಿಸಿದರೆ ಮಗುವಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ.

ಮಕ್ಕಳೇ, ನಿಮಗೊಂದು ಕೆಲಸ

ಮುಂದಿನ ಸಲ ಟೀವಿಯಲ್ಲಿ ಕಬಡ್ಡಿ ಬಂದಾಗ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ನೋಟ್‌ಬುಕ್ಕು ತೆಗೆಯಿರಿ. ಒಂದು ತಂಡವನ್ನು ಆರಿಸಿಕೊಂಡು ಪುಟದಲ್ಲಿ ಎರಡು ಸಾಲು ಮಾಡಿ. ಮೊದಲ ಸಾಲಿಗೆ ‘ಹುಲಿ ಒಳಗೆ’, ಎರಡನೆಯದಕ್ಕೆ ‘ಹುಲಿ ಹೊರಗೆ’ ಎಂದು ಹೆಸರಿಡಿ. ಆ ತಂಡ ಅಂಕ ಗಳಿಸಿದಾಗಲೆಲ್ಲ ಅವರ ಮುಖ್ಯ ದಾಳಿಗಾರ ಆ ಹೊತ್ತಿನಲ್ಲಿ ಎಲ್ಲಿದ್ದ ನೋಡಿ, ಆ ಸಾಲಿನಲ್ಲಿ ಒಂದು ಗೀಟು ಹಾಕಿ. ಅವನು ಹೊರಗೆ ಕೂತಾಗ ಮರುಜೀವ ತಂದುಕೊಟ್ಟವರು ಯಾರು ಎಂಬುದನ್ನೂ ಬರೆದುಕೊಳ್ಳಿ. ಪಂದ್ಯ ಮುಗಿದ ಮೇಲೆ ಎರಡೂ ಸಾಲನ್ನು ಎಣಿಸಿ. ಎರಡನೇ ಸಾಲು ಖಾಲಿ ಇದ್ದರೆ ಆ ತಂಡ ಒಬ್ಬನ ಮೇಲೆ ನಿಂತಿದೆ. ಮರುದಿನ ನಿಮ್ಮ ಶಾಲೆಯ ತಂಡಕ್ಕೂ ಇದೇ ಲೆಕ್ಕ ಹಾಕಿ, ನಿಮ್ಮ ಗುರುಗಳಿಗೆ ತೋರಿಸಿ.